ಮೂರನೆಯ ಕೂಗು

ಕುಮಟೆಯಿಂದ ತದಡಿಯವರೆಗೆ ಕಡಲಂಚು ಹಿಡಿದು ನಡೆಯುವುದಕ್ಕೆ ಜನ ಬೆಂಗಳೂರಿನಿಂದ ಬರುತ್ತಾರೆ ಎಂದಾಗ ಹನುಮಕ್ಕ ಮೊದಲು ನಂಬಿರಲಿಲ್ಲ. "ಬಸ್ಸು ತಪ್ಪಿದವ್ರು ನಡೀತ್ರು. ಇವ್ರಿಗೆಂತ ಆಗದ್ಯೋ?" ಎಂದು ಹಿರಿಮಗ ಲೋಕೇಶನನ್ನು ಕೇಳಿದ್ದಳು. ಮಳೆಗಾಲ ಕಳೆದು ನೆಲ ಆರಿದ ಮೇಲೆ ಪ್ರತಿ ಶನಿವಾರ ಒಂದು ವ್ಯಾನು ಬರುತ್ತಿತ್ತು. ಹದಿನೈದು ಮಂದಿ ಟೋಪಿ, ಕೋಲು, ನೀರಿನ ಬಾಟಲಿ ಸಮೇತ ಇಳಿಯುತ್ತಿದ್ದರು. ಲೋಕೇಶ ಸಾಲಿನ ಮುಂದೆ ನಡೆಯುತ್ತಿದ್ದ, ಸಾಲಿನ ಹಿಂದೆ ಅವನ ತಮ್ಮ ಸಣ್ಣ.

ಮುಂದಿನವನ ಕೆಲಸ ದಾರಿ ತೋರಿಸುವುದು, ಬಾಯಿ ಆಡಿಸುವುದು. ಹಿಂದಿನವನ ಕೆಲಸ ಯಾರೂ ಹಿಂದುಳಿಯದಂತೆ ನೋಡಿಕೊಳ್ಳುವುದು. ಲೋಕೇಶ ಮಾತಿನಲ್ಲೇ ಮಂಟಪ ಕಟ್ಟುವವ, ಸಣ್ಣ ಕೇಳಿದ್ದಕ್ಕೂ ಅರ್ಧ ಉತ್ತರ ಕೊಡುವವ. ಹಾಗಾಗಿ ಕೆಲಸ ಹಂಚಿಕೊಳ್ಳುವಾಗ ಅಣ್ಣತಮ್ಮಂದಿರಲ್ಲಿ ಚರ್ಚೆಯೇ ಆಗಲಿಲ್ಲ.

"ಬರೀ ದಾರಿ ತೋರಿಸಿದರೆ ಆಗಲ್ಲ ಲೋಕೇಶ್, ಲೋಕಲ್ ಕಥೆ ಹೇಳಿ. ಜನಕ್ಕೆ ಅದೇ ಇಷ್ಟ" ಎಂದು ಈ ನಡಿಗೆ ಏರ್ಪಡಿಸುವ ಕಂಪನಿಯವರು ಫೋನಿನಲ್ಲಿ ಹೇಳುತ್ತಿದ್ದರು. ಕೋಟೆಯ ಕಥೆ, ಕಳ್ಳರ ಕಥೆ, ಮುಳುಗಿದ ಹಡಗಿನ ಕಥೆ ಎಲ್ಲ ಮುಗಿದವು. ಇಲ್ಲದ ರಾಣಿಯೊಬ್ಬಳನ್ನು ಹುಟ್ಟಿಸಿ ಅವಳನ್ನೂ ಸಾಯಿಸಿಯಾಯಿತು. ಕೊನೆಗೆ ಉಳಿದದ್ದು ಮನೆಯ ಕಥೆ. ಮಾರಬಾರದ್ದನ್ನು ಮನುಷ್ಯ ಯಾವಾಗಲೂ ಕೊನೆಗೇ ಮಾರುತ್ತಾನೆ, ಆದರೆ ಮಾರದೆ ಬಿಡುವುದಿಲ್ಲ.

ಅದು ಕಥೆಯೂ ಅಲ್ಲ, ಹನುಮಕ್ಕ ಮಕ್ಕಳಿಗೆ ಕಲಿಸಿದ ಒಂದು ಕಟ್ಟಳೆ. ಪ್ರಾಯದಲ್ಲಿ ಅವಳು ಅಘನಾಶಿನಿ ಹೊಳೆಯ ಹಿನ್ನೀರಿಗಿಳಿದು ಬಳಚಿನ ಚಿಪ್ಪು ಹೆಕ್ಕುತ್ತಿದ್ದಳು. ಜೊತೆಗೆ ಬರುತ್ತಿದ್ದ ಅವಳ ಅಕ್ಕ ಒಂದು ಸಂಜೆ, ಯಾರೋ ಕರೆದರು ಎಂದು ಹಿಂದಕ್ಕೆ ಹೋದವಳು ಏರುವ ನೀರಿಗೆ ಸಿಕ್ಕಿ ಹೋದಳು. ಅಂದಿನಿಂದ ಹನುಮಕ್ಕನದು ಒಂದೇ ಮಾತು. "ಹೊತ್ತು ಮುಳ್ಗೂ ಹೊತ್ತಿಗೆ ಬೆನ್ನಹಿಂದಿಂದ ಕರದ್ರೆ ತಿರ್ಗೂಕಾಗ. ಒಂದೇ ಸಲ ಕರದ್ದು ಮನ್ಷಾ ಅಲ್ಲ. ಮನ್ಷಾ ಆದ್ರೆ ಮೂರು ಸಲ ಕರೀತ. ಗುರ್ತದ ಧ್ವನಿ ಆದ್ರೆ ಮತ್ತೂ ಜಾಗ್ರತೆ. ಅದಕ್ಕೆ ಎಲ್ಲರ ಧ್ವನಿನೂ ಬತ್ತದೆ." ಆ ಮನೆಯಲ್ಲಿ ಸಂಜೆ ಗಂಜಿಗೆ ಕರೆಯುವುದಾದರೂ ಮೂರು ಸಲವೇ ಕರೆಯುತ್ತಿದ್ದರು.

"ಅದ್ನ ಇವ್ರಿಗೆ ಹೇಳೂಕೆ ಹೋಗ್ಬೇಡ ಅಣ್ಣ" ಎಂದು ಸಣ್ಣ ಒಮ್ಮೆ ಹೇಳಿದ್ದ.

"ಎಂತಕೆ? ಬಾಯಿಮಾತು. ಹೇಳಿದ್ರೆ ಸವೀತದ್ಯಾ?"

"ಅವ್ವ ಅದ್ನ ನಗೂಕೆ ಹೇಳದ್ದಲ್ಲ."

ಲೋಕೇಶ ಹೂಂ ಅಂದ, ಹೇಳುವುದನ್ನು ಬಿಡಲಿಲ್ಲ. ಆ ಕಥೆ ಕೇಳಿದಾಗ ಜನ ಮೊಬೈಲು ಕೆಳಗಿಡುತ್ತಿದ್ದರು, ಅದಕ್ಕಿಂತ ದೊಡ್ಡ ಬಹುಮಾನ ಬೇರೆ ಯಾವುದಿದೆ?

ಆ ಶನಿವಾರದ ತಂಡ ಬಹಳ ಖುಷಿಯದು. ಮಧ್ಯಾಹ್ನ ಕಡ್ಲೆ ಊರಿನ ಹತ್ತಿರ ಚಹಾ ಕುಡಿಯುವಾಗ ಲೋಕೇಶ ಕಥೆ ಬಿಚ್ಚಿದ. ಕೆಂಪು ಟೋಪಿಯ ಹುಡುಗನೊಬ್ಬ ಕೂಡಲೇ ಅದನ್ನು ಆಟ ಮಾಡಿದ. ಹಿಂದಿನಿಂದ "ಅಣ್ಣಾ" ಎಂದು ಒಂದು ಸಲ ಕೂಗಿ ಸುಮ್ಮನಾಗುವುದು. ಲೋಕೇಶ ತಿರುಗದೆ ಒಂದು ಬೆರಳು ಎತ್ತಿ ತೋರಿಸುವುದು, ಒಂದೇ ಕೂಗು, ಲೆಕ್ಕಕ್ಕಿಲ್ಲ ಎಂದು. ಎಲ್ಲರೂ ನಗುವುದು. ಬೆಂಗಳೂರಿನವರಿಗೆ ಆಟೋದವನೂ ಅಣ್ಣ, ಹೋಟೆಲಿನವನೂ ಅಣ್ಣ, ದಾರಿ ತೋರಿಸುವವನೂ ಅಣ್ಣ. ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ಆ ಕೂಗು ಎಷ್ಟು ಸಲ ಬಂತೋ, ಎಲ್ಲರ ಬೆರಳೂ ಎಷ್ಟು ಸಲ ಎದ್ದವೋ. ಸಣ್ಣ ಮಾತ್ರ ಹಿಂದೆ ಮುಖ ಗಂಟಿಕ್ಕಿಕೊಂಡು ಬರುತ್ತಿದ್ದ.

ಅಘನಾಶಿನಿ ಊರಿಗೆ ಇಳಿಯುವ ಮೊದಲಿನ ಕೊನೆಯ ಗುಡ್ಡದ ಬುಡದಲ್ಲಿ ಕಪ್ಪು ಬಂಡೆಗಳ ಸಾಲಿದೆ. ಫೋಟೋಕ್ಕೆ ಅಲ್ಲಿ ಎಲ್ಲರೂ ಕೂತರು. ಎದ್ದು ಏರು ಹತ್ತತೊಡಗಿದ ಮೇಲೆ ಒಬ್ಬ ಹೆಂಗಸು ತನ್ನ ಕಪ್ಪು ಕನ್ನಡಕ ಬಂಡೆಯ ಮೇಲೆ ಉಳಿಯಿತು ಎಂದಳು. ಪಾಪ, ಹೋಗಲಿ ಬಿಡಿ ಎಂದೂ ಅವಳೇ ಹೇಳಿದಳು. ಸಣ್ಣ ಆಗಲೇ ತಿರುಗಿ ಇಳಿಯುತ್ತಿದ್ದ.

"ನೀರು ಏರ್ತಾ ಅದೆ. ಬೇಗ ಬಾ" ಎಂದ ಲೋಕೇಶ.

"ಆತು. ನೀ ಮುಂದೆ ಹೋಗು, ದೋಣಿ ತಪ್ಪುತದೆ."

ತದಡಿಗೆ ದಾಟಿಸುವ ಕೊನೆಯ ದೋಣಿಯ ಚಿಂತೆ ಲೋಕೇಶನಿಗೂ ಇತ್ತು. ಸಾಲಿನ ಬಾಲ ಕಡಿದುಕೊಂಡು ತಲೆ ಮುಂದೆ ಹೋಗಬಾರದು ಎಂಬುದು ಅವನೇ ಮಾಡಿದ ನಿಯಮ. ಅದನ್ನು ಅವನೇ ಮುರಿದ.

ಗುಡ್ಡದ ಅರ್ಧಕ್ಕೆ ಬಂದಾಗ ಸೂರ್ಯ ನೀರಿಗೆ ತಾಗಿದ್ದ. ಗಾಳಿ ಜೋರಾಗಿತ್ತು. ಹಿಂದಿನಿಂದ, ಕೆಳಗಿನಿಂದ, ಕೂಗು ಬಂತು.

"ಅಣ್ಣಾ."

ಅದು ಸಣ್ಣನ ಧ್ವನಿ. ಲೋಕೇಶನ ಕಾಲು ನಿಂತಿತು, ಕುತ್ತಿಗೆ ಅರ್ಧ ಹೊರಳಿತು. ಕೆಂಪು ಟೋಪಿಯ ಹುಡುಗ ಈಗ ಸಣ್ಣನ ಧ್ವನಿಯನ್ನೂ ಕಲಿತನೇ ಎಂದುಕೊಂಡ. ಆಟದ ಕೆಳಗೆ ಹಳೆಯ ಹೆದರಿಕೆಯೂ ಕೂತಿತ್ತು. ಗುರುತಿನ ಧ್ವನಿಯಾದರೆ ಮತ್ತೂ ಜಾಗ್ರತೆ. ಸಣ್ಣನೇ ಆಗಿದ್ದರೆ ಅವನಿಗೆ ಗೊತ್ತಿಲ್ಲವೇ? ಅವನೂ ಅದೇ ತಾಯಿಯ ಕೈಗಂಜಿ ಕುಡಿದವ, ಹೊತ್ತು ಮುಳುಗುವಾಗ ಒಂದೇ ಸಲ ಕರೆಯುವವನಲ್ಲ. ಮತ್ತೊಮ್ಮೆ ಕರೆಯಲಿ ಎಂದು ಲೋಕೇಶ ಕಾದ. ಕಾಯುತ್ತ, ತಿರುಗದೆ, ಬೆರಳು ಎತ್ತಿದ. ಪಕ್ಕದಲ್ಲಿ, ಹಿಂದೆ ಇದ್ದವರೆಲ್ಲ ಬೆರಳೆತ್ತಿ ನಕ್ಕರು.

ಎರಡನೆಯ ಕೂಗು ಬರಲಿಲ್ಲ. ಅವನು ನಡೆದ.

ದೋಣಿಕಟ್ಟೆಯಲ್ಲಿ ತಲೆ ಎಣಿಸಿದ. ಹದಿನೈದೂ ಇದ್ದವು. ಸಣ್ಣ ಇರಲಿಲ್ಲ.

"ಕೊನೆಗೆ ಕೂಗಿದ್ದು ಯಾರು?" ಎಂದು ಕೇಳಿದ. ನಗುತ್ತಲೇ ಕೇಳಿದ, ಯಾಕೆಂದರೆ ನಗು ನಿಲ್ಲಿಸಲು ಅವನಿಗೆ ಭಯವಾಗಿತ್ತು.

ಕೆಂಪು ಟೋಪಿಯ ಹುಡುಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಾನಲ್ಲ ಅಣ್ಣ. ಆಗ ನಾನು ನಿಮ್ಮ ಪಕ್ಕದಲ್ಲೇ ಇದ್ದೆ." ಅದು ನಿಜ. ಅವನ ಬೆರಳು ಏಳುವುದನ್ನು ತನ್ನ ಬೆರಳಿನ ಪಕ್ಕದಲ್ಲೇ ಕಂಡದ್ದು ಲೋಕೇಶನಿಗೆ ಈಗ ನೆನಪಾಯಿತು.

ಓಡಿದ. ಬಂಡೆಗಳಿದ್ದಲ್ಲಿ ಬಂಡೆಗಳಿರಲಿಲ್ಲ, ನೀರಿತ್ತು. ಗಂಟಲು ಹರಿಯುವವರೆಗೆ ಕೂಗಿದ. ಮೂರು ಸಲವಲ್ಲ, ಮೂವತ್ತು ಸಲವಲ್ಲ. ಕಡಲಿಗೆ ಅದ್ಯಾವ ಲೆಕ್ಕವೂ ಬೇಕಾಗಿರಲಿಲ್ಲ.

ಮಾರನೆಯ ದಿನ ತದಡಿಯ ಮೀನುಗಾರರಿಗೆ ಅಳಿವೆಯ ಹತ್ತಿರ ಸಣ್ಣ ಸಿಕ್ಕಿದ. ಅಂಗಿಯ ಜೇಬಿಗೆ ಗುಂಡಿ ಹಾಕಿತ್ತು. ಒಳಗೆ ಕಪ್ಪು ಕನ್ನಡಕ ಒಂದು ಗೀರೂ ಇಲ್ಲದೆ ಹಾಗೇ ಇತ್ತು.

ಊರವರು ವಿಧಿ ಎಂದರು. ಕಂಪನಿಯವರು ಫೋನಿನಲ್ಲಿ ಬಹಳ ನೊಂದುಕೊಂಡು, ಮುಂದಿನ ಶನಿವಾರಕ್ಕೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಸಣ್ಣನ ಹೆಂಡತಿ ಗಾಯತ್ರಿ ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಕೂಗು ಕೇಳಿತ್ತು ಎಂಬುದನ್ನು ಲೋಕೇಶ ಯಾರಿಗೂ ಹೇಳಿರಲಿಲ್ಲ. ಬೆರಳೆತ್ತಿದ್ದ ಆ ಕೈಯಲ್ಲಿ ಅನ್ನ ಕಲಸಲು ಅವನಿಗೆ ಹೇಸಿಗೆಯಾಗುತ್ತಿತ್ತು. ಯಾರಾದರೂ ಹಿಡಿದು ಹೊಡೆದರೆ ಸಾಕು ಎನಿಸುತ್ತಿತ್ತು. ಹೊಡೆಯುವವರು ಯಾರೂ ಸಿಗಲಿಲ್ಲ.

ಕ್ರಿಯೆ ಮುಗಿದ ಸಂಜೆ ಹನುಮಕ್ಕ ಜಗಲಿಯಲ್ಲಿ ಅವನ ಪಕ್ಕಕ್ಕೆ ಬಂದು ಕೂತಳು.

"ಅಂವ ಕರದ್ನೇನೋ?"

ಸುಳ್ಳು ಹೇಳಲು ಬೇಕಾದಷ್ಟು ಮಾತು ಲೋಕೇಶನ ಬಾಯಲ್ಲಿತ್ತು. ಒಂದೂ ಹೊರಡಲಿಲ್ಲ. "ಹೌದು" ಎಂದ.

"ಎಷ್ಟು ಸಲ?"

"ಒಂದೇ ಸಲ, ಅವ್ವ."

ಹನುಮಕ್ಕ ತನ್ನ ಅಂಗೈ ನೋಡಿಕೊಂಡಳು. ಬಯ್ಯಲಿ, ಶಾಪ ಹಾಕಲಿ ಎಂದು ಅವನು ಕಾಯುತ್ತಿದ್ದ.

"ಹಂಗಾರೆ ನೀ ತಿರ್ಗದೇ ಇದ್ದದ್ದು ಸರಿ" ಎಂದಳು. "ನಾನೇ ಕಲ್ಸದ್ದು."

ಆಮೇಲೆ ಗೋಡೆ ಹಿಡಿದು ಎದ್ದಳು. ಅಂಗಳ ದಾಟಿ ಬೇಲಿಯ ಹತ್ತಿರ, ಗುಡ್ಡದ ಕಡೆ ಮುಖ ಮಾಡಿ ನಿಂತಳು. ಹೊತ್ತು ಮುಳುಗುತ್ತಿತ್ತು.

"ಸಣ್ಣಾ" ಎಂದು ಕರೆದಳು.

ಸ್ವಲ್ಪ ತಡೆದು, "ಸಣ್ಣಾ" ಎಂದಳು.

ಮೂರನೆಯ ಸಲವೂ ಕರೆದಳು. ಕರೆಯುತ್ತಿರುವುದು ಮನುಷ್ಯರೇ ಎಂದು ಮಗನಿಗೆ ಗೊತ್ತಾಗಬೇಕಲ್ಲ. ಆಮೇಲೆ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು, ಅವನು ಓಗೊಡುವುದನ್ನು ಕಾಯುತ್ತ ನಿಂತಳು.