ಬಸವಂತಪ್ಪನ ದನಿಗೆ ನಾನೇ ಬಾಗಿಲು

ನಾನು ಒಂದು ಐಕಾನು. ಕಂಪ್ಯೂಟರಿನ ಪರದೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಕೂತ ಕೆಂಪು ಬಸ್ಸಿನ ಚಿತ್ರ. ಚಿತ್ರ ನೋಡಿ ಮೋಸಹೋಗಬೇಡಿ, ಒಳಗೆ ನಾನು ಐದಾರು ಸಾಲಿನ ಬರಹ ಅಷ್ಟೇ. ನನ್ನ ಹೆಸರೇನು, ನನ್ನನ್ನು ಒತ್ತಿದರೆ ಯಾವ ಪ್ರೋಗ್ರಾಂ ತೆರೆಯಬೇಕು, ನನ್ನ ಮುಖದ ಚಿತ್ರ ಎಲ್ಲಿದೆ. ಇಷ್ಟು ಬರೆದರೆ ನಾನು ಮುಗಿದೆ.

ನನ್ನನ್ನು ಬರೆದವರು ಶಮ್ಶಾದ್ ಟೀಚರ್. ಗದಗಿನ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತ, ಬಸವಂತಪ್ಪನ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದರು. ಬಸವಂತಪ್ಪ ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಮೂವತ್ತು ವರ್ಷ ಬಸ್ಸುಗಳ ಹೆಸರು ಕೂಗಿದವನು. ಅವನ ಗಂಟಲಲ್ಲಿ ಹುಣ್ಣಾಯಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಹೋಗುತ್ತದೆ ಎಂದರು ಡಾಕ್ಟರು. ಆಗ ಟೀಚರ್ ನಾಲ್ಕು ದಿನ ಕೂತು ಅವನ ಮಾತುಗಳನ್ನು ರೆಕಾರ್ಡ್ ಮಾಡಿಕೊಂಡರು. ‘ನೀರ ಕೊಡು’, ‘ಚಾ ಸಾಕು’, ‘ಬ್ಯಾನಿ ಆಗಾಕತ್ತೈತಿ, ಯವ್ವಾ’. ಹೇಳುವ ಮಾತು ಮುಗಿದಾಗ ಅವನು ರೂಢಿಬಲದಿಂದ ಬಸ್ಸುಗಳನ್ನೂ ಕೂಗಿದ: ‘ಮುಳಗುಂದ, ನೀಲಗುಂದ, ಚಿಂಚಲಿ!’ ಅದನ್ನೂ ಬಿಡಲಿಲ್ಲ. ಒಟ್ಟು ಇನ್ನೂರ ಹನ್ನೊಂದು ಮಾತು. ಟೀಚರ್ ಅವನ ಮನೆಗೆಂದೇ ಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ, ಬೇಕಾದದ್ದನ್ನು ಒತ್ತಿದರೆ ಅವನದೇ ದನಿಯಲ್ಲಿ ಕೇಳಿಸುವ ಪ್ರೋಗ್ರಾಂ ಸಿದ್ಧವಾಯಿತು. ಆದರೆ ಅದನ್ನು ತೆರೆಯಲು ಕಪ್ಪು ಪರದೆಯಲ್ಲಿ ಇಂಗ್ಲಿಷಿನ ಉದ್ದ ಸಾಲೊಂದನ್ನು ಟೈಪು ಮಾಡಬೇಕಿತ್ತು. ಬಸವಂತಪ್ಪನ ಬೆರಳಿಗೆ ಅದು ಒಗ್ಗಲಿಲ್ಲ. ಹಾಗಾಗಿ ನಾನು ಹುಟ್ಟಿದೆ.

ಹುಟ್ಟಿದ ದಿನವೇ ಮರ್ಯಾದೆ ಹೋಯಿತು. ಮೊದಲ ಸಲ ಒತ್ತಿದಾಗ ಪ್ರೋಗ್ರಾಂ ತೆರೆಯುವ ಬದಲು ನನ್ನ ಹೊಟ್ಟೆಯೊಳಗಿನ ಬರಹವನ್ನೇ ಬಿಚ್ಚಿ ತೋರಿಸಿಬಿಟ್ಟೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಟೀಚರ್ ಕಂಪ್ಯೂಟರಿನಲ್ಲಿ ‘ಇದು ಓಡಬಹುದು’ ಎಂಬ ಅಪ್ಪಣೆಯ ಜಾಗ ಹುಡುಕಿ ಟಿಕ್ ಹಾಕಿದ ಮೇಲೆ ಸರಿಹೋದೆ. ಆಮೇಲೆ ಅವರು ಪೆನ್‌ಡ್ರೈವ್ ಕಿತ್ತ ಕೂಡಲೇ ನನ್ನ ಮುಖವೇ ಮಾಯ. ಬಸ್ಸಿನ ಚಿತ್ರ ಅದರಲ್ಲೇ ಉಳಿದಿತ್ತು. ಅದನ್ನು ತಂದು ಕಂಪ್ಯೂಟರಿನೊಳಗೆ ಹಾಕಿದರು. ಅಂದಿನಿಂದ ಪರದೆಯ ಮೇಲೆ ನಾನೊಬ್ಬನೇ, ನೆರೆಗೆ ಒಂದು ಕಸದ ಬುಟ್ಟಿ.

ಬಸವಂತಪ್ಪ ಕತ್ತಿಗೆ ಬಟ್ಟೆ ಸುತ್ತಿಕೊಂಡು ಆಸ್ಪತ್ರೆಯಿಂದ ಬಂದ. ನನ್ನನ್ನು ಒತ್ತಿ ನೀರು ಕೇಳಿದ, ಚಾ ಸಾಕೆಂದ. ಎಲ್ಲ ಸರಿಯಾಗಿತ್ತು. ಆದರೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿಯನ್ನು ಕರೆಯಲು ಮಾತೇ ಇರಲಿಲ್ಲ. ಹೆಂಡತಿಯ ಹೆಸರು ಹಿಡಿದು ಕರೆಯುವ ಪದ್ಧತಿ ಆ ಮನೆಯಲ್ಲಿಲ್ಲ. ಊರವರೆಲ್ಲ ಅವಳನ್ನು ನೀಲವ್ವ ಎನ್ನುತ್ತಿದ್ದರು, ಗಂಡನೊಬ್ಬನ ಹೊರತು. ರೆಕಾರ್ಡ್ ಮಾಡುವಾಗ ಟೀಚರ್ ಕೇಳಿದ್ದಕ್ಕೆ ಅವನು, “ಅಕಿನ್ನೇನ ಹೆಸರ್ಲೆ ಕರೀಯೂದು? ಕೆಮ್ಮಿದ್ರ ಬರ್ತಾಳ” ಎಂದು ನಕ್ಕಿದ್ದನಂತೆ. ಈಗ ಕೆಮ್ಮೂ ಹೊರಡುತ್ತಿರಲಿಲ್ಲ. ಪಾಟಿಯ ಮೇಲೆ ಬರೆದು ತೋರಿಸೋಣವೆಂದರೆ ನೀಲವ್ವನಿಗೆ ಓದು ಬಾರದು. ಒಂದು ದಿನ ಅವನು ಅದೇ ಪಾಟಿಯನ್ನು ಟೀಚರ್ ಮುಂದೆ ಹಿಡಿದ. ‘ಹೆಸರ್ಲೆ ಕರೀಬೇಕು ಅಕಿನ್ನ’ ಎಂದು ಬರೆದಿತ್ತು. ಅವನ ಕಣ್ಣು ಒದ್ದೆಯಾಗಿತ್ತು.

ಟೀಚರ್ ನೀಲಗುಂದದ ಬಸ್ಸಿನಿಂದ ‘ನೀಲ’ ಕತ್ತರಿಸಿದರು. ನೋವು ಹೇಳುವ ‘ಬ್ಯಾನಿ’ ಮಾತಿನ ‘ಯವ್ವಾ’ದಿಂದ ‘ವ್ವಾ’ ತೆಗೆದರು. ಎರಡನ್ನೂ ಹೊಲಿದು ಪಟ್ಟಿಯ ಕೊನೆಗೆ ಸೇರಿಸಿದರು. ಬಸವಂತಪ್ಪ ಒತ್ತಿದ. ಮೊದಲರ್ಧ ಬಸ್ ಸ್ಟ್ಯಾಂಡಿನ ಕೂಗು, ಕೊನೆಯರ್ಧ ನರಳಾಟ, ನೀಲ... ವ್ವಾ!

ನೀಲವ್ವ ಸೋಪಿನ ಕೈಯಲ್ಲೇ ಓಡಿ ಬಂದಳು.

“ಮುಪ್ಪಿನ ಕಾಲಕ್ಕ ಹೆಸರ ಹಿಡದ ಕರೀತಾರೇನ್ರಿ? ಮಂದಿ ಕೇಳಿದ್ರ ಏನಂದಾರು!” ಎಂದು ಬೈದು ಬಾಗಿಲಲ್ಲೇ ನಿಂತಳು. ಅವನು ಇನ್ನೊಮ್ಮೆ ಒತ್ತಿದ. ಅವಳು ಸೆರಗು ಬಾಯಿಗೆ ಹಿಡಿದಳು, ಆದರೆ ಹಿತ್ತಲಿಗೆ ಮರಳಲಿಲ್ಲ.

ಮುಂದಿನ ಎರಡು ವರ್ಷ ಅವನು ಕೆಲಸವಿಲ್ಲದಿದ್ದರೂ ಕರೆದ. ಅವಳು ಬಂದು “ಏನ್ರಿ?” ಎಂದರೆ, ಏನಿಲ್ಲ ಎಂದು ತಲೆಯಾಡಿಸುತ್ತಿದ್ದ. ನನ್ನ ಬಾಳಿನಲ್ಲಿ ಸುಖ ಎಂಬುದಿದ್ದರೆ ಆ ಎರಡು ವರ್ಷವೇ. ಆಮೇಲೆ ಹುಣ್ಣು ಮರುಕಳಿಸಿತು. ಬಸವಂತಪ್ಪ ಹೋದ. ಟೀಚರಿಗೂ ಬೇರೆ ಊರಿಗೆ ವರ್ಗವಾಯಿತು. ಕಂಪ್ಯೂಟರಿನ ಮೇಲೆ ಹಳೆಯ ಟವೆಲ್ಲು ಬಿತ್ತು, ನಾನು ಕತ್ತಲಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದೆ.

ಒಂದು ಮಧ್ಯಾಹ್ನ ಟವೆಲ್ಲು ಸರಿಯಿತು. ನೀಲವ್ವ ಗಂಡನ ಕುರ್ಚಿಯ ತುದಿಯಲ್ಲಿ ಕೂತು, ಅವನು ಮಾಡುತ್ತಿದ್ದುದನ್ನು ನೋಡಿ ಕಲಿತಂತೆ, ಕೆಂಪು ಬಸ್ಸನ್ನು ಗುರುತು ಹಿಡಿದು ನನ್ನನ್ನು ಒತ್ತಿದಳು. ಪ್ರೋಗ್ರಾಂ ತೆರೆಯಿತು. ಆದರೆ ಅಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. ಇನ್ನೂರ ಹನ್ನೆರಡು ಸಾಲು. ಅವಳ ಹೆಸರು ಕಟ್ಟಕಡೆಯಲ್ಲಿದೆ ಎಂದು ನನಗೆ ಗೊತ್ತು. ಹೇಳಲಿ ಹೇಗೆ? ಬಾಗಿಲು ತೆರೆಯುವುದಷ್ಟೇ ನನ್ನ ಕೆಲಸ, ಒಳಗೆ ಹೋದವರ ಕೈ ಹಿಡಿಯುವ ಶಕ್ತಿ ನನಗಿಲ್ಲ.

ಅವಳು ಸಿಕ್ಕಿದ್ದನ್ನು ಒತ್ತಿದಳು. ‘ನೀರ ಕೊಡು.’ ಅವಳು ಅರ್ಧ ಎದ್ದು, ಮತ್ತೆ ಕೂತಳು. ‘ಚಾ ಸಾಕು.’ “ಆತು ಬಿಡ್ರಿ” ಎಂದಳು. ಬಸ್ಸುಗಳು ಬಂದವು, ಹೋದವು. ಅವಳ ಹೆಸರು ಅವತ್ತು ಸಿಗಲಿಲ್ಲ. ಮರುದಿನ ಮತ್ತೆ ಬಂದಳು. ಕೆಲವು ದಿನ ಸಿಗುತ್ತಿತ್ತು, ಬಹಳ ದಿನ ಇಲ್ಲ. ಸಿಕ್ಕ ದಿನ ಬೇಗನೆ ಎದ್ದುಹೋಗುತ್ತಿದ್ದಳು, ಸಿಗದ ದಿನ ಹೊತ್ತು ಇಳಿಯುವವರೆಗೆ ಇರುತ್ತಿದ್ದಳು.

ದಸರೆಯ ರಜೆಯಲ್ಲಿ ಶಮ್ಶಾದ್ ಟೀಚರ್ ನೋಡಲು ಬಂದರು. ನೀಲವ್ವನ ಹುಡುಕಾಟವನ್ನು ಪಕ್ಕದಲ್ಲಿ ನಿಂತು ನೋಡಿದರು.

“ಕಾಕು, ಇನ್ನೊಂದ ಐಕಾನ್ ಮಾಡಿ ಕೊಡ್ತೀನ್ರಿ. ಅದನ್ನ ಒತ್ತಿದ್ರ ಸೀದಾ ನಿಮ್ಮ ಹೆಸರು. ಹುಡುಕೂ ತ್ರಾಸ ಇರೂದಿಲ್ಲ. ಐದ ನಿಮಿಷದ ಕೆಲಸ” ಎಂದು ಮೌಸ್ ಹಿಡಿದರು.

ಹೊಸಬ ಬಂದರೆ ನನ್ನ ಜಾಗ ಕಸದ ಬುಟ್ಟಿಯೇ. ಆದರೂ ಆ ಹೆಣ್ಣುಮಗಳಿಗೆ ಒಳ್ಳೆಯದಾಗುವುದಾದರೆ ಆಗಲಿ ಎಂದುಕೊಂಡೆ.

ನೀಲವ್ವ ಟೀಚರ್ ಕೈ ಮೇಲೆ ಕೈ ಇಟ್ಟಳು.

“ಬ್ಯಾಡವಾ. ಹೆಸರ ಕರದ್ರಂದ್ರ ಆತು, ಮುಂದ ಸುಮ್ನಾಗಿಬಿಡ್ತಾರ. ಹುಡುಕೂತನಕ ಮಾತಾಡ್ತಿರ್ತಾರ.”

ಟೀಚರ್ ಮೌಸ್ ಬಿಟ್ಟರು. ನಾನು ಉಳಿದೆ. ಉಳಿದದ್ದಕ್ಕೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಈಗ ಕಂಪ್ಯೂಟರಿಗೂ ವಯಸ್ಸಾಗಿದೆ. ಎದ್ದು ಕೂರಲು ಹತ್ತು ನಿಮಿಷ ಬೇಕು, ಫ್ಯಾನು ಗೊರಗೊರ ಎನ್ನುತ್ತದೆ. ಅಲ್ಲಿಯತನಕ ಅವಳು ಕೈಕಟ್ಟಿ ಕಾಯುತ್ತಾಳೆ. ಅವಳು ಒಂದು ದಿನ ಬಾರದೆ ಹೋದರೂ ನಾನು ತಡೆದುಕೊಳ್ಳುತ್ತೇನೆ. ಅವಳು ಬಂದು ಒತ್ತಿದ ದಿನ ನಾನು ತೆರೆಯದೆ ಹೋಗಬಾರದು, ಅಷ್ಟೇ.