ಬಿಚ್ಚಿಟ್ಟ ಹಸಿರು ತಂತಿ

ಮೋಟಾರಿನ ಮುಚ್ಚಳದ ಮೂರನೆಯ ಸ್ಕ್ರೂ ಬಿಚ್ಚುವ ಹೊತ್ತಿಗೆ ಗೋಡೆಯ ಆಚೆ ನೀರು ಸುರಿಯುವ ಸದ್ದು ಶುರುವಾಯಿತು. ರಾಯಪ್ಪನ ಕೈ ನಿಂತಿತು. ಹಿತ್ತಲಲ್ಲಿ ವಹಾಬನ ಮೈ ತೊಳೆಯುತ್ತಿದ್ದರು.

"ಯಾಕ ನಿಂತ್ರಿ? ಬಿಚ್ಚರಿ," ಅಂದ ಕಲಂದರ.

ಅವನು ವಹಾಬನ ತಮ್ಮ. ಲೋಂಡಾದ ಕಟ್ಟಿಗೆ ಡಿಪೋದಲ್ಲಿ ಕೆಲಸ. ಬೆಳಗಿನ ಗಾಡಿಗೆ ಬಂದಿಳಿದು, ಅಣ್ಣನ ಮುಖ ನೋಡಿ, ನೇರ ಪಡಸಾಲೆಗೆ ಬಂದು ನಿನ್ನೆ ಅವನಿಗೆ ಕರೆಂಟು ಹೊಡೆದ ಈ ಕಟ್ಟಿಗೆ ಕೆತ್ತುವ ಮಶೀನಿನ ಮುಂದೆ ನಿಂತವನು ಕದಲಿರಲಿಲ್ಲ.

"ಮೂರು ವಾರದ ಹಿಂದ ನೀವಽ ಇದರ ವೈಂಡಿಂಗ್ ಮಾಡಿ ಕೊಟ್ಟೀರಿ. ಮಣ್ಣು ಮಾಡೂದರೊಳಗ ನನಗ ಗೊತ್ತಾಗಬೇಕು. ನಮ್ಮ ಅಣ್ಣನ್ನ ಕೊಂದದ್ದು ಏನು?"

ರಾಯಪ್ಪ ಸ್ಕ್ರೂ ಬಿಚ್ಚಿ ಬದಿಗೆ ಇಟ್ಟ. ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವನೂ ಅದನ್ನೇ ಕೇಳಿಕೊಂಡಿದ್ದ. ಇಪ್ಪತ್ತೆರಡು ವರ್ಷ ಮೋಟಾರು ಸುತ್ತಿದ ಕೈ. ಆ ಕೈಯೇ ತಪ್ಪಿತೇ?

ಹಿತ್ತಲಿನಿಂದ ಯಾರೋ ಕರೆದರು. ಕಲಂದರ ಹಲ್ಲು ಕಚ್ಚಿ, "ಈಗ ಬಂದೆ," ಎಂದು ಹೋದ.

ಒಬ್ಬನೇ ಉಳಿದ ರಾಯಪ್ಪ ಮೋಟಾರಿನ ತಂತಿಗಳನ್ನು ಬಿಡಿಸಿ, ಚೀಲದಿಂದ ಟೆಸ್ಟ್ ಬಲ್ಬು ತೆಗೆದ. ಒಂದು ತುದಿಯನ್ನು ವೈಂಡಿಂಗಿನ ತಾಮ್ರದ ತಂತಿಗೆ, ಇನ್ನೊಂದನ್ನು ಮೋಟಾರಿನ ಕಬ್ಬಿಣಕ್ಕೆ ಹಿಡಿದ. ಬಲ್ಬು ಹತ್ತಿದರೆ ವೈಂಡಿಂಗಿನಿಂದ ಕರೆಂಟು ಕಬ್ಬಿಣಕ್ಕೆ ಇಳಿಯುತ್ತಿದೆ ಎಂದರ್ಥ. ಹತ್ತಲಿಲ್ಲ. ಕೈಯಿಂದ ಮೋಟಾರು ತಿರುಗಿಸಿ ಮತ್ತೆ ನೋಡಿದ. ಹತ್ತಲಿಲ್ಲ. ವೈಂಡಿಂಗ್ ಸರಿಯಿತ್ತು. ಎದೆಯ ಮೇಲಿನ ಭಾರ ಇಳಿಯಿತು. ಇಳಿದದ್ದಕ್ಕೆ ನಾಚಿಕೆಯೂ ಆಯಿತು.

ಆಮೇಲೆ ಕೇಬಲ್ಲಿನ ಗುಂಟ ಬೆರಳಾಡಿಸುತ್ತ ಬಂದ. ಮಶೀನಿನ ಕಾಲಿಗೆ ಅದನ್ನು ಬಿಗಿದಿದ್ದ ಪಟ್ಟಿಯ ಕೆಳಗೆ ರಬ್ಬರು ಸವೆದು ತಾಮ್ರ ಹೊರಗೆ ಬಂದಿತ್ತು. ಕಬ್ಬಿಣಕ್ಕೆ ತಾಗಿತ್ತು. ಆದರೆ ಹಾಗೆ ತಾಗಿದರೆ ಕರೆಂಟು ಅರ್ಥಿಂಗಿನ ಹಸಿರು ತಂತಿಯಿಂದ ನೆಲಕ್ಕೆ ಇಳಿದು ಫ್ಯೂಜ್ ಹಾರಬೇಕು. ಮನುಷ್ಯ ಸಾಯಬಾರದು.

ಹಸಿರು ತಂತಿ ಅದರ ಜಾಗದಲ್ಲಿ ಇರಲಿಲ್ಲ. ಮಶೀನಿನ ಹಿಂದೆ ಸುರುಳಿ ಸುತ್ತಿ ಇಟ್ಟಿದ್ದರು. ತುದಿಗೆ ಕರಿ ಟೇಪನ್ನು ಅಚ್ಚುಕಟ್ಟಾಗಿ ಮೂರು ಸುತ್ತು ಹಾಕಿದ್ದರು, ಗಾಯದ ಬೆರಳಿಗೆ ಪಟ್ಟಿ ಕಟ್ಟಿದ ಹಾಗೆ. ಇದು ಯಾರ ಕೈಕೆಲಸ ಎಂದು ರಾಯಪ್ಪ ಯಾರನ್ನೂ ಕೇಳಬೇಕಾಗಿರಲಿಲ್ಲ.

* * *

ಎಪ್ಪತ್ನಾಲ್ಕರಲ್ಲಿ ಮಚ್ಛೆಯಲ್ಲಿ ಒಂದು ಫರ್ನಿಚರ್ ಕಾರ್ಖಾನೆ ಮುಚ್ಚಿದಾಗ ವಹಾಬ ಆ ಮಶೀನನ್ನು ಲಿಲಾವಿನಲ್ಲಿ ಬೆಲೆ ಕೂಗಿ ಹಿಡಿದಿದ್ದ. ಒಂದು ಕಡೆ ಕೆತ್ತಿದ ಬಳ್ಳಿಯ ಮಾದರಿಯ ಮೇಲೆ ಮೊಂಡು ಸಲಾಕೆ ಆಡಿಸಿದರೆ, ಇನ್ನೊಂದು ಕಡೆ ತಿರುಗುವ ಉಳಿ ಅದೇ ಬಳ್ಳಿಯನ್ನು ಸಾಗವಾನಿಯಲ್ಲಿ ಕೊರೆಯುತ್ತಿತ್ತು. ಮನೆಗೆ ತಂದ ನಾಲ್ಕನೆಯ ದಿನಕ್ಕೆ ಅದು ಗುಂಯ್ ಎಂದು ನಿಂತುಬಿಟ್ಟಿತು. ರಿಪೇರಿಯವರನ್ನು ಹುಡುಕಿಕೊಂಡು ಬೆಳಗಾವಿಗೆ ಬಂದಾಗ ಸಿಕ್ಕವನು ರಾಯಪ್ಪ.

ರಾಯಪ್ಪ ಬಂದು ಮೋಟಾರು ಬಿಚ್ಚುವಾಗ ವಹಾಬ ಮಗ್ಗುಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಎಲ್ಲ ನೋಡುತ್ತಿದ್ದ.

"ಕಟ್ಟಿಗಿ ಎಳಿ ಕಣ್ಣಿಗೆ ಕಾಣತೈತಿ ಮಾಸ್ತರ. ಈ ಕರೆಂಟು ಯಾವ ಕಡಿ ಹರಿತೈತಿ ಅಂತ ಹೆಂಗ ತಿಳೀತೈತಿ ನಿಮಗ?"

"ಪ್ಲಗ್ಗಿನಿಂದ ಶುರು ಮಾಡೂದ್ರಿ ವಹಾಬಭಾಯಿ. ಒಂದೊಂದಽ ಮುಂದ ಹೋಗೂದು. ಎಲ್ಲಿ ನಿಂತೈತಿ, ಅಲ್ಲಿ ಹಿಡಿಯೂದು."

ವಹಾಬ ಕಲಿತ. ಬೇರಿಂಗ್ ಬದಲಿಸುವುದು, ಕಂಡೆನ್ಸರ್ ಹೋಗಿದೆ ಎಂದು ಸದ್ದಿನಿಂದ ಹೇಳುವುದು. ಪ್ರತಿ ಸಲ ಮಶೀನು ಸರಿ ಹೋದಾಗಲೂ ರಾಯಪ್ಪನನ್ನು ಊಟಕ್ಕೆ ಕೂರಿಸದೆ ಬಿಡುತ್ತಿರಲಿಲ್ಲ.

ರಾಯಪ್ಪ ಹಸಿರು ತಂತಿಯನ್ನು ಹಾಕಿದ ದಿನ ವಹಾಬ ಕೇಳಿದ್ದ: "ಇದರಾಗ ಕರೆಂಟಽ ಇಲ್ಲ ಅಂತೀರಿ. ಕೆಲಸಾ ಮಾಡದ ತಂತಿ ಯಾತಕ್ಕರಿ?"

"ಅದು ಕಾಯೂ ತಂತಿ. ಮುಂದಿನ ಸಲ ಬಿಡಿಸಿ ಹೇಳ್ತೀನಿ," ಎಂದಿದ್ದ ರಾಯಪ್ಪ. ಬಸ್ಸಿನ ಹೊತ್ತಾಗಿತ್ತು. ಎಂಟು ವರ್ಷದಲ್ಲಿ ಎಷ್ಟೋ ಮುಂದಿನ ಸಲಗಳು ಬಂದವು. ಹೇಳಲಿಲ್ಲ.

* * *

ಹೋದ ವಾರ ವಹಾಬನ ಎರಡು ಕಾರ್ಡು ಬಂದಿದ್ದವು. ಮೊದಲನೆಯದರಲ್ಲಿ: "ಫ್ಯೂಜ್ ದಿನಕ್ಕ ನಾಲ್ಕು ಸಲ ಹೋಗಾಕತ್ತೇತಿ. ಪಾರಿಶ್ವಾಡದ ಬಾಗಿಲ ಕೆಲಸಾ ನಿಂತೈತಿ. ಜಲ್ದಿ ಬರ್ರಿ." ಕೈಯಲ್ಲಿ ಬೇರೆ ಕೆಲಸವಿತ್ತು. ಇಂದು ನಾಳೆ ಎನ್ನುವುದರಲ್ಲಿ ಎರಡನೆಯದು ಬಂತು: "ಬರೂದು ಬ್ಯಾಡ. ನಾನಽ ಹುಡುಕಿ ರಿಪೇರಿ ಮಾಡೀನಿ. ಈಗ ಫ್ಯೂಜ್ ಹೋಗೂದಿಲ್ಲ. ನೀವು ಇನ್ನ ದುಕಾನ ಮುಚ್ಚರಿ."

ರಾಯಪ್ಪ ಅದನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿ ನಕ್ಕಿದ್ದ. ಹೆಮ್ಮೆಯೂ ಪಟ್ಟಿದ್ದ. ಏನು ಹುಡುಕಿದಿರಿ ಎಂದು ಒಂದು ಸಾಲು ಬರೆದು ಕೇಳಲು ಹೊಳೆದಿರಲಿಲ್ಲ.

* * *

"ರಾಯಪ್ಪಣ್ಣ."

ಒಳಬಾಗಿಲ ಪರದೆಯ ಹಿಂದಿನಿಂದ ಶಮಶಾದಳ ದನಿ. ವಹಾಬನ ಹೆಂಡತಿ. ಎಷ್ಟೋ ಸಲ ಊಟಕ್ಕೆ ಬಡಿಸಿದವಳು.

"ಇಲ್ಲೇ ಅದೀನಿ ತಂಗಿ."

"ಈ ವಾರ ಅವರು ಭಾಳ ಖುಷಿ ಇದ್ರು. ಮಾಸ್ತರ ಇಲ್ಲದ ನಾನಽ ಹುಡುಕಿದೆ ಅಂತ ಓಣಿ ತುಂಬ ಹೇಳ್ಕೊಂಡು ಬಂದಿದ್ರು." ಪರದೆಯ ಅಂಚು ಬೆರಳುಗಳಲ್ಲಿ ಮುದುಡಿತು. "ನಿನ್ನಿ ಝಳ ಭಾಳ ಇತ್ತು. ಧೂಳಾ ಅಡಗಲಿ ಅಂತ ನಾನಽ ಇಲ್ಲಿ ನೀರು ಹೊಡದೆ. ಹಸೀ ನೆಲದ ಮ್ಯಾಲ ಬರಿಗಾಲಿಲೆ ನಿಂತಿದ್ರು..."

ರಾಯಪ್ಪ ಕೆಳಗೆ ನೋಡಿದ. ಎಂಟು ದಿನ ಒಣ ಕಟ್ಟಿಗೆ ಹೊಟ್ಟಿನ ಮೇಲೆ ನಿಂತಿದ್ದಕ್ಕೆ ವಹಾಬ ಉಳಿದಿದ್ದ. ಈಗ ಎಲ್ಲ ತಿಳಿಯಿತು: ಫ್ಯೂಜ್ ಹಾರುವುದು ನಿಲ್ಲಲೆಂದು ವಹಾಬ ಬಿಚ್ಚಿಟ್ಟದ್ದು ಕಾಯುವ ತಂತಿಯನ್ನೇ; ಒದ್ದೆ ನೆಲ ಕರೆಂಟಿಗೆ ಅವನ ಮೈಯಲ್ಲೇ ದಾರಿ ಕೊಟ್ಟಿತ್ತು.

"ಖರೇ ಹೇಳ್ರಿ ಅಣ್ಣಾ. ಅವರು ಮಾಡಿದ ರಿಪೇರಿ ತಪ್ಪಿತ್ತೇನು? ಇಲ್ಲಾ ನನ್ನ ನೀರಽ ಅವರನ್ನ ತಿಂತೇನು?"

ಹಿತ್ತಲಲ್ಲಿ ನೀರಿನ ಸದ್ದು ನಿಂತಿತು. ರಾಯಪ್ಪ ಹಸಿರು ತಂತಿಯ ಟೇಪು ಸುಲಿದು, ಅದನ್ನು ಅದರ ಸ್ಕ್ರೂಗೆ ಸಿಕ್ಕಿಸಿ ಬಿಗಿದ. ಸವೆದ ಕೇಬಲ್ಲನ್ನು ಪ್ಲಗ್ಗಿನ ಸಮೇತ ಕತ್ತರಿಸಿ ಚೀಲಕ್ಕೆ ಹಾಕಿದ.

"ಇಲ್ಲ ತಂಗಿ. ನೀರಿನಿಂದ ಏನೂ ಆಗಿಲ್ಲ. ವಹಾಬಭಾಯಿ ಮಾಡಿದ್ದು ಬರೋಬರಿ ಐತಿ. ನನ್ನ ವೈಂಡಿಂಗ್ ಸುಟ್ಟೈತಿ. ತಪ್ಪು ನಂದು."

ಪರದೆಯ ಹಿಂದೆ ಉಸಿರು ಎಳೆದುಕೊಂಡ ಸದ್ದು. "ಬರೋಬರಿ ಇತ್ತಂತ," ಎಂದು ಅವಳು ಒಳಗಿನ ಹೆಂಗಸರಿಗೆ ಉರ್ದುವಿನಲ್ಲಿ ಹೇಳಿದಳು. ಆಮೇಲೆ ಪರದೆಯ ಕಡೆಗೆ ತಿರುಗಿದಳು.

"ಹಂಗಾದ್ರ ನೀವು ಹೋಗ್ರಿ ಅಣ್ಣಾ. ಇನ್ನ ನಮ್ಮ ಮನಿಗೆ ಬರಬ್ಯಾಡ್ರಿ."

ಹಿತ್ತಲ ಬಾಗಿಲಲ್ಲಿ ಕಲಂದರ ನಿಂತಿದ್ದ. ಒದ್ದೆ ತೋಳುಗಳು. ಎಲ್ಲ ಕೇಳಿಸಿಕೊಂಡಿದ್ದ. ಬಂದವನೇ ರಾಯಪ್ಪನ ಕೊರಳಪಟ್ಟಿ ಹಿಡಿದ. ಹಿರಿಯರು ಯಾರೋ, "ಕಲಂದರ, ಜನಾಜಾ ಏಳಬೇಕು," ಎಂದರು. ಕೈ ಸಡಿಲಾಯಿತು.

"ಹೆಗಲು ಕೊಡಬ್ಯಾಡ್ರಿ ನಮ್ಮ ಅಣ್ಣಗ. ಮುಟ್ಟಬ್ಯಾಡ್ರಿ."

* * *

ಬಿಸಿಲು ನೆತ್ತಿಯ ಮೇಲಿತ್ತು. ಜನಾಜಾ ಹೆಗಲಿನಿಂದ ಹೆಗಲಿಗೆ ದಾಟುತ್ತ ಮುಂದೆ ಹೋಯಿತು. ರಾಯಪ್ಪ ಐವತ್ತು ಮಾರು ಹಿಂದೆ ನಡೆದ. ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಪಾರಿಶ್ವಾಡದಿಂದ ಬಂದಿದ್ದ ಬಸಲಿಂಗಪ್ಪ, ಬಾಗಿಲು ಮಾಡಲು ಹೇಳಿದ್ದವನು, ಅವನನ್ನು ನೋಡಿ ರಸ್ತೆಯ ಆ ಬಾಜು ದಾಟಿದ. ಇನ್ನು ಈ ತಾಲೂಕಿನಿಂದ ಒಂದು ಮೋಟಾರೂ ತನ್ನ ಅಂಗಡಿಗೆ ಬರುವುದಿಲ್ಲ ಎಂದು ರಾಯಪ್ಪನಿಗೆ ಗೊತ್ತಾಯಿತು.

ಕಬರಸ್ತಾನದ ಕೆಂಪು ಕಲ್ಲಿನ ಗೋಡೆಯ ಹೊರಗೆ ನಿಂತ. ನಮಾಜು ಮುಗಿಯಿತು. ಮಣ್ಣು ಬೀಳುವ ಸದ್ದು ಕೇಳಿತು. ಜನ ಒಬ್ಬೊಬ್ಬರಾಗಿ ಅವನ ಮುಂದೆಯೇ ಹಾದುಹೋದರು. ಕೊನೆಗೆ ಕಲಂದರನೂ ಹೋದ.

ಗೋರಿ ತೋಡುವ ಮುದುಕ ಸಲಿಕೆ ಹಿಡಿದು ಗೇಟಿನ ಹತ್ತಿರ ಬಂದ.

"ಯಾರ್ರೀ? ಸತ್ತವರು ನಿಮಗ ಏನಾಗಬೇಕು?"

ರಾಯಪ್ಪ ಹೆಗಲಿನ ಚೀಲ ಕೆಳಗಿಟ್ಟ. "ಅವರ ಮಶೀನ ರಿಪೇರಿ ಮಾಡ್ತಿದ್ದೆ," ಅಂದ.

"ಮಣ್ಣು ಹಾಕಿದ್ರಿಲ್ಲೋ?"

ಇಲ್ಲವೆಂದು ತಲೆಯಾಡಿಸಿದ.

"ಬರ್ರಿ ಒಳಗ. ಎಲ್ಲಾರೂ ಹೋದ್ರು."

ಚಪ್ಪಲಿ ಬಿಟ್ಟು ಒಳಗೆ ಹೋದ. ಗೋರಿಯ ಮಗ್ಗುಲಲ್ಲಿ ಉಳಿದಿದ್ದ ಮಣ್ಣೆಲ್ಲ ಜಂಬಿಟ್ಟಿಗೆ ಕಲ್ಲಿನ ಹರಳು, ಗಟ್ಟಿ ಹೆಂಟೆ. ರಾಯಪ್ಪ ಮಂಡಿಯೂರಿ ಕೂತ. ಒಂದು ಬೊಗಸೆ ತೆಗೆದುಕೊಂಡು, ಹೆಂಟೆಗಳನ್ನು ಬೆರಳಲ್ಲಿ ಒಡೆದು, ಹರಳುಗಳನ್ನು ಒಂದೊಂದಾಗಿ ಆರಿಸಿ ಬದಿಗೆ ಇಡತೊಡಗಿದ. ಮುದುಕ ತಲೆ ಎತ್ತಿ ಹೊತ್ತು ನೋಡಿದ, ಕೆಮ್ಮಿದ, ಆಮೇಲೆ ಸಲಿಕೆ ಊರಿ ತಾನೂ ನೆಲಕ್ಕೆ ಕೂತ. ವಹಾಬನ ಮೇಲೆ ಹಾಕಲು ಅಂಗೈಯಲ್ಲಿ ಬರೀ ಮೆತ್ತನೆಯ ಮಣ್ಣು ಉಳಿಯುವವರೆಗೂ ರಾಯಪ್ಪ ಆರಿಸುತ್ತಲೇ ಇದ್ದ.