ಸಿನಿಮಾ ನಿಂತ ಮೇಲೆ

ಟಿ.ವಿ.ಯಲ್ಲಿ ಹಳೆಯ ಸಿನಿಮಾ ಹತ್ತಿದರೆ ನನ್ನನ್ನು ಎಬ್ಬಿಸುವುದು ಯಾರಿಂದಲೂ ಆಗದ ಮಾತು. ಒಲೆಯ ಮೇಲಿನ ಹಾಲು ಉಕ್ಕಿದರೂ ಸರಿ. ನಾಯಕ ಎಷ್ಟು ಒದೆ ತಿಂದರೂ ಕ್ರಾಪು ಕೆಡುವುದಿಲ್ಲ, ಬಡವಿ ನಾಯಕಿಯ ಸೀರೆಗೆ ಇಸ್ತ್ರಿ ತಪ್ಪುವುದಿಲ್ಲ, ಬೈಯುತ್ತಲೇ ನೋಡುತ್ತೇನೆ. ಒಂದು ಸಿನಿಮಾ ಬಂದರೆ ಮಾತ್ರ ಚಾನೆಲ್ ಬದಲಿಸಿಬಿಡುತ್ತೇನೆ. ಅದರ ಕೊನೆ ನನಗೆ ಇಂದಿಗೂ ಗೊತ್ತಿಲ್ಲ.

ಅಪ್ಪನಿಗೆ ಆಲಮಟ್ಟಿ ಅಣೆಕಟ್ಟಿನಲ್ಲಿ ಕೆಲಸ, ನಮ್ಮ ವಾಸ ಅಲ್ಲಿನ ಕ್ವಾರ್ಟರ್ಸಿನಲ್ಲಿ. ಅಕ್ಕ ಜಯಮಾಲಾಳ ಮದುವೆಗೆ ಬಾಗೇವಾಡಿಯಿಂದ ವಿಡಿಯೋದವನನ್ನು ಕರೆಸಿದ್ದರು. ಆಗ ನನಗೆ ಹದಿಮೂರು. ಮರುವರ್ಷ ಪಕ್ಕದ ಮನೆಯ ಜನ್ನತಬಿಯ ಮಗ ಸೌದಿಯಿಂದ ವಿಸಿಆರ್ ತಂದ. ಭಾನುವಾರದ ಸಿನಿಮಾ ರೆಕಾರ್ಡ್ ಮಾಡುವ ಹುಚ್ಚು ನನಗೆ ಹಿಡಿಯಿತು. ಖಾಲಿ ಕ್ಯಾಸೆಟ್ ಸಿಗಲಿಲ್ಲ. ಮದುವೆಯ ಕ್ಯಾಸೆಟ್ಟಿನ ತುದಿಯಲ್ಲಿ ಜಾಗ ಉಳಿದಿದೆ ಎಂದುಕೊಂಡು ಅದನ್ನೇ ಹಾಕಿದೆ. ಯಾರೋ ಅದನ್ನು ಶುರುವಿನವರೆಗೆ ಹಿಂದಕ್ಕೆ ಸುತ್ತಿಟ್ಟಿದ್ದರು, ನಾನು ನೋಡಲಿಲ್ಲ. ಅರಿಸಿನ, ಅಕ್ಕಿಕಾಳು, ತಾಳಿ, ಎಲ್ಲದರ ಮೇಲೆ ಸಿನಿಮಾ ಬಂದು ಕೂತಿತು. ಮುಗಿಯುವ ಮೊದಲೇ ಕರೆಂಟ್ ಹೋದದ್ದರಿಂದ ತುದಿಯಲ್ಲಿ ಒಂದಿಷ್ಟು ಮದುವೆ ಉಳಿಯಿತು. ಎಷ್ಟು ಉಳಿಯಿತೆಂದು ನೋಡುವ ಧೈರ್ಯ ನನಗೆ ಬರಲಿಲ್ಲ.

ಹೆರಿಗೆಗೆಂದು ಬಂದಿದ್ದ ಅಕ್ಕನ ಮುಂದೆ ನಡೆದದ್ದನ್ನು ಹೇಳಿ ಗಳಗಳನೆ ಅತ್ತೆ. ಅವಳು ನಕ್ಕುಬಿಟ್ಟಳು. "ಹೋಗ್ಲಿ ಬಿಡು, ಹುಚ್ಚಿ. ನನ್ನ ನೋಡಾಕ ಕ್ಯಾಸೆಟ್ ಯಾಕ ಬೇಕು? ಇಲ್ಲೇ ಅದೀನಲ್ಲ!"

ಅದಾದ ಹದಿನೇಳನೆಯ ದಿನ ಅವಳು ಹೆರಿಗೆಯಲ್ಲಿ ಹೋದಳು. ಮಗು ಉಳಿಯಿತು. ಅದೇ ಪ್ರಜ್ಞಾ. ತಂದೆಯ ಊರು ಮುದ್ದೇಬಿಹಾಳದಲ್ಲಿ ಬೆಳೆದಳು. "ಚಿಗವ್ವ, ನಮ್ಮವ್ವನ ದನಿ ಹೆಂಗಿತ್ತು?" ಎಂದು ಸಣ್ಣಾಕಿ ಇದ್ದಾಗಿನಿಂದ ಕೇಳುತ್ತಿದ್ದಳು. ಕ್ಯಾಸೆಟ್ಟಿಗೆ ಬೂಸ್ಟು ಹಿಡಿದು ಎಸೆದೆವು ಎಂದು ನಾನು ಪ್ರತಿ ಸಲ ಸುಳ್ಳು ಹೇಳಿದೆ. ತಾಯಿಯ ಮದುವೆಯನ್ನು ಅಳಿಸಿದವಳು ನಾನೇ ಎಂದು ಆ ಮಗುವಿಗೆ ಯಾವ ಬಾಯಿಂದ ಹೇಳಲಿ?

ಹೋದ ತಿಂಗಳು ಸಿಂದಗಿಯ ನನ್ನ ಮನೆಗೆ ಸುಣ್ಣ ಹಚ್ಚುವಾಗ ಅವಳು ಕೈಗೂಡಿಸಲು ಬಂದಿದ್ದಳು. ಟ್ರಂಕಿನಲ್ಲಿದ್ದ ಕ್ಯಾಸೆಟ್ ಅವಳ ಕಣ್ಣಿಗೆ ಬಿದ್ದದ್ದು ನನಗೆ ತಿಳಿಯಲಿಲ್ಲ. ಮೊನ್ನೆ ಭಾನುವಾರ ಪೆನ್‌ಡ್ರೈವ್ ಹಿಡಿದು ಬಂದಳು.

"ಬೂಸ್ಟು ಏನೂ ಹಿಡದಿಲ್ಲ ಚಿಗವ್ವ. ಅಂಗಡಿಯಾಂವ ಪೂರಾ ಕಾಪಿ ಮಾಡಿ ಕೊಟ್ಟಾನ. ಒಬ್ಬಾಕೇ ಕುಂತು ನೋಡಾಕ ಮನಸ್ಸಾಗಲಿಲ್ಲ."

ಟಿ.ವಿ.ಯಲ್ಲಿ ಸಿನಿಮಾದ ಹೆಸರು ಮೂಡಿತು. ಅವಳು ನನ್ನ ಕಡೆ ತಿರುಗಿದಳು. ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು.

"ಮುಂದ ಓಡಿಸಲಾ?" ಎಂದೆ.

"ಬ್ಯಾಡ. ಇದರ ಕೆಳಗ ಅವ್ವ ಅದಾಳಲ್ಲ," ಎಂದಳು.

ಎರಡು ತಾಸಿಗೂ ಮೇಲೆ ಇಬ್ಬರೂ ಆ ಸಿನಿಮಾ ನೋಡುತ್ತಾ ಕೂತೆವು. ನಾಯಕಿ ಬಾಗಿಲು ತೆರೆಯಲು ಎದ್ದಳು, ಪರದೆ ಕಪ್ಪಾಯಿತು. ಆಮೇಲೆ ನಮ್ಮ ಮನೆಯ ಪಡಸಾಲೆ. ಭೂಮದ ಊಟ: ಮದುಮಕ್ಕಳೂ ಒಡಹುಟ್ಟಿದವರೂ ಒಂದೇ ದೊಡ್ಡ ತಾಟಿನ ಸುತ್ತ ಕೂತು ಉಣ್ಣುವ ಶಾಸ್ತ್ರ. ಬಾಸಿಂಗ ಕಟ್ಟಿದ ಅಕ್ಕ ಕೈಯಲ್ಲಿ ಹೋಳಿಗೆಯ ತುತ್ತು ಹಿಡಿದು ಒಳಗಿನ ಕೋಣೆಯ ಕಡೆ ನೋಡುತ್ತಿದ್ದಳು.

"ಕೋಮಲಾ, ಟಿ.ವಿ. ಬಂದ್ ಮಾಡಿ ಬಾ. ನೀ ಬರೂ ತನಾ ನಾ ಉಣ್ಣಂಗಿಲ್ಲ ನೋಡು!" ಎಂದು ನಕ್ಕಳು.

ಪ್ರಜ್ಞಾ ಬಾಯಿಗೆ ಸೆರಗು ಒತ್ತಿಕೊಂಡಳು. ಇಪ್ಪತ್ತೇಳು ವರ್ಷಕ್ಕೆ ಮೊದಲ ಸಲ ತಾಯಿಯ ದನಿ ಕೇಳಿದ್ದಳು.

ಒಳಗಿನಿಂದ ಇನ್ನೊಂದು ದನಿ ಬಂತು. ಹದಿಮೂರು ವರ್ಷದ ನನ್ನದೇ ದನಿ.

"ತಡಿ ಅಕ್ಕ, ಸಿನಿಮಾ ಮುಗೀಲಿ, ಬರ್ತೇನಿ!"

ಅಕ್ಕ ತುತ್ತನ್ನು ತಾಟಿನ ಅಂಚಿಗಿಟ್ಟು ಕಾಯುತ್ತಾ ಕೂತಳು. ಕ್ಯಾಸೆಟ್ ಅಲ್ಲಿಗೆ ಮುಗಿಯಿತು.